ನಾನು ಕೊಡದೆ ತಂದ ಅರ್ಜಿ

ಮುಲುಂಡ್ ಸ್ಟೇಷನ್ನಿನ ಹೊರಗೆ ನಮ್ಮ ಶೇರ್ ರಿಕ್ಷಾಗಳ ಲೈನ್ ನಿಲ್ಲುತ್ತದೆ. ಲೈನ್ ಎಂದರೆ ಸರತಿ. ಮೊದಲು ಬಂದ ಗಾಡಿ ಮೊದಲು ತುಂಬಬೇಕು, ಮೂರು ಸೀಟು ಕೂತ ಮೇಲೆ ಹೊರಡಬೇಕು, ನಡುವೆ ಯಾರೂ ನುಗ್ಗಬಾರದು. ಸ್ಟೇಷನ್ನಿಂದ ಹೊರಟ ಗಾಡಿ ನಾಕಾದವರೆಗೆ ಹೋಗಿ ನಿಲ್ಲುತ್ತದೆ. ಹಿಂದೆ ಲಾರಿಗಳು ಸುಂಕ ಕಟ್ಟುತ್ತಿದ್ದ ಜಾಗ ಅದು. ಈಗ ಸುಂಕವಿಲ್ಲ, ಹೆಸರು ಉಳಿದಿದೆ. ಅಲ್ಲಿಗೆ ಮುಂಬಯಿ ಮುಗಿದು ಪಕ್ಕದ ಊರಿನ ಹದ್ದು ಶುರುವಾಗುತ್ತದೆ.

ನಾಕಾದಲ್ಲಿ ಎಲ್ಲರೂ ಇಳಿಯಲೇಬೇಕು. ಇದು ಸರಕಾರದ ಕಾಯಿದೆಯಲ್ಲ, ನಮ್ಮ ಲೈನಿನ ಕಟ್ಟಳೆ. ಒಂದು ಗಾಡಿ ಆಚೆ ಹೋದರೆ ಅದು ತಿರುಗಿ ಬರುವಷ್ಟರಲ್ಲಿ ಸರತಿ ತಪ್ಪುತ್ತದೆ, ಸರತಿ ತಪ್ಪಿದರೆ ಜಗಳ. ಅದಕ್ಕೇ ಮುದುಕರಿರಲಿ, ಕೈಗೂಸಿನವರಿರಲಿ, ಮಳೆಯಿರಲಿ, ನಾಕಾ ಬಂತೆಂದರೆ ಇಳಿಯಿರಿ ಎನ್ನುತ್ತಿದ್ದೆವು. ಈ ಕಟ್ಟಳೆ ಮಾಡಿದವರಲ್ಲಿ ನಾನೇ ಮೊದಲಿಗ. ಬಹಳ ವರ್ಷ ಲೈನ್ ನಡೆಸಿದವನೂ ನಾನೇ. ಹದಿನೆಂಟು ಜಾತಿಯ, ನಾಲ್ಕು ಭಾಷೆಯ ಚಾಲಕರು ನನ್ನ ಮಾತು ಮೀರುತ್ತಿರಲಿಲ್ಲ ಎಂಬ ಹೆಮ್ಮೆ ನನಗಿತ್ತು.

ನಾಕಾದಿಂದ ಒಂದೂವರೆ ಮೈಲಿ ಆಚೆ, ಗುಡ್ಡದ ಬುಡಕ್ಕೆ ಒಂದು ಬಸ್ತಿ ಇದೆ. ಕಟ್ಟಡದ ಕೆಲಸಕ್ಕೆಂದು ಬಂದು ನೆಲೆನಿಂತ ಜನ. ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಉತ್ತರ ಕರ್ನಾಟಕದವರು. ಆಚೆ ಕಡೆಯ ರಿಕ್ಷಾದವರಿಗೂ ಅಲ್ಲಿಗೆ ಹೋಗುವುದೆಂದರೆ ಬೇಸರ. ಆದ್ದರಿಂದ ಬಸ್ತಿಯವರು ನಾಕಾದಿಂದ ನೀರಿನ ದೊಡ್ಡ ಪೈಪಿನ ಗುಂಟ ನಡೆದೇ ಹೋಗುತ್ತಿದ್ದರು, ನಡೆದೇ ಬರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಪ್ರಕಟಣೆ ಬಂತು. ಯಾವ ಸ್ಟೇಷನ್ನಿಗೆ ಎಲ್ಲಿಂದ ಬಸ್ ಬರಬೇಕು, ರಿಕ್ಷಾ ಎಲ್ಲಿ ನಿಲ್ಲಬೇಕು, ರಸ್ತೆ ಎಲ್ಲಿ ಅಗಲವಾಗಬೇಕು ಎಂದು ಯೋಚಿಸುವ ಒಂದು ಸಂಸ್ಥೆ ಬಾಂದ್ರಾದಲ್ಲಿದೆ. ನಾವು ಅದನ್ನು ಯೋಜನೆ ಆಫೀಸು ಎನ್ನುತ್ತೇವೆ. ಅವರ ನಕಾಶೆಯ ಗೆರೆ ಅದುವರೆಗೆ ನಾಕಾದಲ್ಲಿ ನಿಂತಿತ್ತು. ಈಗ ಗೆರೆಯನ್ನು ಮುಂದಕ್ಕೆ ಸರಿಸಿ, ಪಕ್ಕದ ಎರಡು ಕಾಲೊನಿಗಳನ್ನೂ ಗುಡ್ಡದ ಬುಡದ ಬಸ್ತಿಯನ್ನೂ ಒಳಗೆ ಸೇರಿಸಬೇಕೆಂದಿದ್ದರು. ಗೆರೆಯ ಒಳಗೆ ಬಂದ ಜಾಗಕ್ಕೆ ಸ್ಟೇಷನ್ನಿಂದ ಬಸ್ ಓಡುತ್ತದೆ. ಬೇಕು ಎನ್ನುವವರು, ಬೇಡ ಎನ್ನುವವರು ಬಂದು ಹೇಳಬಹುದು, ಅರ್ಜಿ ಕೊಡಬಹುದು ಎಂದು ಬರೆದಿತ್ತು.

ಸ್ಟ್ಯಾಂಡಿನ ಎದುರು ಉಡುಪಿಯವರದೊಂದು ಹೋಟೆಲಿದೆ. ನಮ್ಮ ಮೀಟಿಂಗುಗಳೆಲ್ಲ ಅಲ್ಲಿಯೇ. ಅಂದು ಗುಲ್ಬರ್ಗಾ ಕಡೆಯ ಚಾಲಕನೊಬ್ಬ ಚಹಾದ ಗ್ಲಾಸು ಟೇಬಲ್ ಮೇಲೆ ಕುಕ್ಕಿ ಶುರುಮಾಡಿದ.

"ಭಾಯಿ, ಗೆರೀ ಮುಂದ ಹೋತಂದ್ರ ಬಸ್ ಬಂತಂತನ ತಿಳೀರಿ. ಬಸ್ ಬಂದ್ರ ನಮ್ಮ ರಿಕ್ಷಾದಾಗ ಯಾರ್ ಕುಂಡ್ರತಾರ? ನಾ ಹಿಂದ ಕುಂಡ್ರತೀನಿ, ನೀವ್ ಹೊಡೀರಿ. ಆಮ್ಯಾಲ ನೀವ್ ಕುಂಡ್ರರಿ, ನಾ ಹೊಡೀತೀನಿ."

ಎಲ್ಲರೂ ನಕ್ಕರು. ಗಲ್ಲಾದ ಮೇಲೆ ಕೂತ ಹೋಟೆಲ್ ಮಾಲೀಕರು ಕತ್ತು ಉದ್ದ ಮಾಡಿದರು.

"ಎಂತ ಮಾರಾಯ್ರೆ, ಆಚೆಯ ಜನ ಈಚೆ ಬರ್ಲಿಕ್ಕೆ ಸುರು ಆದ್ರೆ ನಿಮ್ಗೂ ಸೀಟ್ ಜಾಸ್ತಿಯೇ ಅಲ್ವಾ? ಬಸ್ಸಿಂದ ಇಳಿದವ ಮನೆಗೆ ಹಾರಿ ಹೋಗ್ತಾನಾ?"

"ಶೇಟ್, ನೀವ್ ನಿಮ್ಮ ಇಡ್ಲಿ ನೋಡ್ಕೋರಿ," ಎಂದ ಗುಲ್ಬರ್ಗಾದವ. "ಮೊದಲ ಅದ ಗಟ್ಟಿ ಆಗೇದ."

ಕೊನೆಗೆ ಬಾಂದ್ರಾಕ್ಕೆ ನಾನು ಹೋಗುವುದೆಂದಾಯಿತು. ಬೇರೆ ಯಾರ ಹೆಸರೂ ಬರಲಿಲ್ಲ. ಬರುವುದಿಲ್ಲವೆಂದು ನನಗೂ ಗೊತ್ತಿತ್ತು. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ವಿಜಾಪುರದ ಕಡೆಯ ಹಳ್ಳಿಯಿಂದ ಸೋದರಮಾವನ ಬೆನ್ನು ಹಿಡಿದು ಭಾಂಡುಪಿಗೆ ಬಂದೆ, ಕಾರ್ಖಾನೆಯಲ್ಲಿ ದುಡಿದೆ, ಅದು ಮುಚ್ಚಿದ ಮೇಲೆ ರಿಕ್ಷಾ ಹಿಡಿದೆ. ಗಾಡಿಯಲ್ಲಿ ಕೂತವರು ಬಿಟ್ಟುಹೋದ ಪೇಪರು ಓದಿ ಓದಿ ಹಿಂದಿ, ಮರಾಠಿ ಕಲಿತೆ. ಯಾರ ಮುಂದೆಯೂ ಕೈಯೊಡ್ಡದೆ ಭಾಂಡುಪಿನಲ್ಲಿ ಒಂದು ಖೋಲಿ ಮಾಡಿದೆ, ಮಗಳನ್ನು ಬಿ.ಕಾಂ. ಓದಿಸಿದೆ. ಆರ್‌ಟಿಓ ಆಫೀಸಿನಲ್ಲಿ, ಟ್ರಾಫಿಕ್ ಚೌಕಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಮಾತಾಡಬಲ್ಲೆ. ಓದಿದವರಿಗೆ ಆಗದ ಕೆಲಸ ನನ್ನಿಂದ ಆಗುತ್ತದೆ ಎಂದು ಯಾರಾದರೂ ಅಂದರೆ ಆ ದಿನ ಊಟ ರುಚಿಸುತ್ತಿತ್ತು.

ಮರುದಿನ ರೊಟ್ಟಿಯ ಅಕ್ಕ ಬಂದಳು. ಆಳಂದದ ಕಡೆಯ ಹೆಂಗಸು, ಗುಡ್ಡದ ಬುಡದ ಬಸ್ತಿಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಅವಳು ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ನಾಕಾದವರೆಗೆ ನಡೆದು ಬರುತ್ತಾಳೆ. ಅಲ್ಲಿಂದ ನಮ್ಮ ಲೈನಿನ ರಿಕ್ಷಾ. ಮುಲುಂಡಿನ ಹೌಸಿಂಗ್ ಸೊಸೈಟಿಗಳ ಮನೆಮನೆಗೆ ಅವಳ ರೊಟ್ಟಿ ಹೋಗುತ್ತದೆ. ದಿನವೂ ಎರಡು ರೊಟ್ಟಿ, ಮೇಲೊಂದು ಚಿಟಿಕೆ ಶೇಂಗಾ ಚಟ್ನಿ ನನಗೆಂದು ತೆಗೆದಿಡುತ್ತಿದ್ದಳು. ನಾನು ಅವಳ ಗಂಟು ಇಳಿಸುತ್ತಿದ್ದೆ, ಮತ್ತೆ ತಲೆಯ ಮೇಲೆ ಎತ್ತಿಡುತ್ತಿದ್ದೆ. ನಾಕಾದ ಆಚೆ ಮಾತ್ರ ಒಂದು ದಿನವೂ ಬಿಟ್ಟುಬಂದಿರಲಿಲ್ಲ.

"ಅಣ್ಣಾ, ಬಾಂದ್ರಾಕ್ಕ ಹೊಂಟೀರಂತ?"

"ಯಾರ ಹೇಳಿದ್ರ ಅಕ್ಕಾ?"

"ಇಡೀ ಸ್ಟ್ಯಾಂಡ್ ಹೇಳ್ಲಿಕತ್ತೈತಿ. ಚಲೋ ಆತ ಬಿಡ್ರಿ. ನಮ್ಮ ಮಂದೀದೂ ಒಂದ್ ಕಾಗದ ಐತಿ. ನಮ್ಮಾಗ ಯಾರಿಗಿ ಆಫೀಸಿನ ಮಾತ ಬರ್ತೈತಿ? ನೀವ ಒಯ್ದು ಕೊಡ್ರಿ."

ಅವಳು ತಿಳಿದದ್ದು, ನಾನು ಗೆರೆ ಸರಿಯಲಿ ಎನ್ನಲು ಹೋಗುತ್ತಿದ್ದೇನೆ ಎಂದು. ನಮ್ಮ ಕಡೆಯವನು, ದಿನಾ ರೊಟ್ಟಿ ತಿನ್ನುವವನು, ಇನ್ನೇನು ಹೇಳಿಯಾನು ಎಂಬ ನಂಬಿಕೆ. ಇಲ್ಲ ಅಕ್ಕಾ, ನಾನು ಬೇಡ ಎನ್ನಲು ಹೊರಟಿದ್ದೇನೆ, ನೀನು ಬೇರೆಯವರನ್ನು ಕಳಿಸು ಎಂದು ಅಲ್ಲಿಯೇ ಹೇಳಬೇಕಿತ್ತು. ಒಂದು ಮಾತಿನ ಕೆಲಸ. ಆದರೆ ಸ್ಟೇಷನ್ನಿನ ಲೈನೂ ನನ್ನನ್ನೇ ಕೇಳಿದೆ, ಆಚೆಯ ಬಸ್ತಿಯೂ ನನ್ನನ್ನೇ ಕೇಳುತ್ತಿದೆ ಎಂದು ಎದೆ ಉಬ್ಬಿತ್ತು.

"ಕೊಡು ಅಕ್ಕಾ, ಅದಕ್ಕೇನಂತ," ಎಂದೆ.

ಕಾಗದ ತಂದವಳು ಅವಳ ಮಗಳು. ಅದೇ ವರ್ಷ ಹತ್ತನೆಯದು ಪಾಸಾಗಿ ಮುಲುಂಡಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬಸ್ತಿಯಲ್ಲಿ ಹತ್ತು ದಾಟಿದ ಮೊದಲ ಹುಡುಗಿ. ಅರ್ಜಿ ಅವಳೇ ಬರೆದದ್ದು, ಮರಾಠಿಯಲ್ಲಿ, ಗುಂಡಗಿನ ಅಕ್ಷರದಲ್ಲಿ. ಹಿಂದೆ ಐದು ಹಾಳೆ ತುಂಬ ಸಹಿಗಳು, ಹೆಬ್ಬೆಟ್ಟುಗಳು.

"ಚಾಚಾ, ಇದ್ರಾಗ ಸಬ್ ಕುಛ್ ಬರ್ದೀನಿ. ಘರ್ ಘರ್ ಜಾಕೆ ಸಹಿ ತೊಗೊಂಡೀನಿ. ಬಸ್ ಬಂದ್ರ ಅಪ್ಪಾ ಕಾಲೇಜಿಗೆ ಬಿಡ್ತಾನ. ನಹೀ ತೋ..." ಎಂದು ತಾಯಿಯ ಮುಖ ನೋಡಿದಳು.

"ಕಾಲೇಜ್ ಮುಂಜಾನಿ ಏಳಕ್ಕ ಶುರು ಆಕ್ಕೈತಿ ಅಣ್ಣಾ," ಎಂದಳು ಅಕ್ಕ. "ಆ ಪೈಪಿನ ದಾರ್ಯಾಗ ಇಕಿ ಒಬ್ಬಾಕಿ ಬರೂದಂದ್ರ ಇವ್ರಪ್ಪಗ ಜೀಂವ ಹಾರ್ತೈತಿ. ಬಸ್ ಬರೂತನಕ ನಾ ಜೋಡಿ ಬರ್ತೀನಂತ ಹೇಳಿ ಒಪ್ಪಿಸೀನಿ. ಎಷ್ಟ್ ದಿನ ಆಕ್ಕೈತಿ ನೋಡೋಣು."

ಹಾಗೆ ಎರಡು ಕಾಗದ ಒಂದೇ ಚೀಲದಲ್ಲಿಟ್ಟುಕೊಂಡು ನಾನು ಬಾಂದ್ರಾಕ್ಕೆ ಹೋದೆ. ಲೈನಿನದು ಬೇಡ ಎಂದು, ಬಸ್ತಿಯದು ಬೇಕು ಎಂದು. ಎರಡನ್ನೂ ಕೊಟ್ಟುಬಿಡುವುದು, ಸಾಹೇಬರು ಏನಾದರೂ ಮಾಡಿಕೊಳ್ಳಲಿ ಎಂಬುದು ನನ್ನ ಲೆಕ್ಕಾಚಾರ. ಎರಡೂ ಕಡೆ ನನ್ನ ಮಾತು ಉಳಿಯುತ್ತಿತ್ತು.

ಅಲ್ಲಿ ಬಹಳ ಹೊತ್ತು ಕೂರಿಸಿದರು. ಬೇಸರಕ್ಕೆ ಹುಡುಗಿಯ ಕಾಗದ ತೆಗೆದು ಓದಿದೆ. ದಾರಿ, ಕತ್ತಲು, ಹೊತ್ತ ಗಂಟು, ಆಸ್ಪತ್ರೆಗೆ ಹೋಗುವವರ ಪಾಡು ಎಲ್ಲ ಚೆನ್ನಾಗಿ ಬರೆದಿದ್ದಳು. ನಡುವೆ ಒಂದು ಕಡೆ ಹೀಗಿತ್ತು: "ರಿಕ್ಷಾದವರು ಮುದುಕರು ಮಕ್ಕಳು ಎನ್ನದೆ ಎಲ್ಲರನ್ನೂ ನಾಕಾದಲ್ಲಿ ಇಳಿಸುತ್ತಾರೆ. ಮಳೆಯಲ್ಲಿಯೂ ಮುಂದೆ ಬರುವುದಿಲ್ಲ. ಕೇಳಿದರೆ ಬೈಯುತ್ತಾರೆ. ಅವರಿಗೆ ನಮ್ಮ ಮೇಲೆ ದಯೆ ಇಲ್ಲ."

ನನಗೆ ಕಿವಿ ಬಿಸಿಯಾಯಿತು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ. ಅವಳ ತಾಯಿಯ ಗಂಟು ಹೊತ್ತವನು ನಾನು. ನನ್ನ ಕೈಗೇ ಕಾಗದ ಕೊಟ್ಟು ನನಗೇ ದಯೆಯಿಲ್ಲ ಎಂದು ಬರೆದಿದ್ದಾಳಲ್ಲ ಎನಿಸಿತು. ಅವಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದು ತಿಳಿದೇ ಸಿಟ್ಟು ಇನ್ನಷ್ಟು ಏರಿತು. ಕಾಗದ ಮಡಿಚಿ ಚೀಲದ ತಳಕ್ಕೆ ತುರುಕಿದೆ.

ನನ್ನ ಸರತಿ ಬಂದಾಗ ಒಳಗೆ ಹೋಗಿ ಲೈನಿನ ಅರ್ಜಿಯೊಂದನ್ನೇ ಮೇಜಿನ ಮೇಲಿಟ್ಟೆ. ವಯಸ್ಸಾದ ಮಹಿಳಾ ಅಧಿಕಾರಿಯೊಬ್ಬರು ನಡುವೆ ಕೂತಿದ್ದರು. ಸಮಾಧಾನದಿಂದ ಕೇಳಿದರು.

"ಆ ಕಾಲೊನಿಗಳಿಗೆ ಬಸ್ ಹೋಗಬಹುದಲ್ಲ? ಬಸ್ತಿಯ ರಸ್ತೆ ಹೇಗಿದೆ?"

ಮೇಡಂ, ಕಾಲೊನಿಯ ಮಾತು ಬಿಡಿ, ಬಸ್ತಿಯಲ್ಲಿ ಬಸ್ ತಿರುಗಿಸಲು ಜಾಗವೇ ಇಲ್ಲ ಎಂದೆ. ನಾನು ಆ ರಸ್ತೆ ಬಲ್ಲವನು, ಬಸ್ ಒಳಗೆ ಹೋದರೆ ಹಿಂದಕ್ಕೇ ಬರಬೇಕು, ಮಕ್ಕಳು ಚಕ್ರದಡಿ ಬಂದಾವು ಎಂದೆ. ಬಸ್ತಿಯ ಕೊನೆಗೆ ನೀರಿನ ಟ್ಯಾಂಕರುಗಳು ತಿರುಗುವ ಬಯಲು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲೊಂದು ಮದುವೆಗೆ ಹೋದಾಗ ಬಯಲಿನಲ್ಲಿಯೇ ಗಾಡಿ ನಿಲ್ಲಿಸಿದ್ದೆ, ಟ್ಯಾಂಕರು ಒಂದೇ ಸುತ್ತಿಗೆ ಆರಾಮಾಗಿ ತಿರುಗಿದ್ದನ್ನು ನೋಡಿದ್ದೆ. ಆದರೂ ಜಾಗವಿಲ್ಲ ಎಂದೆ. ಗುಮಾಸ್ತನು ಬರೆದುಕೊಂಡ. ಕೆಳಗೆ ಸಹಿ ಮಾಡಿ ಎಂದ, ಮಾಡಿದೆ.

ಆ ಅಧಿಕಾರಿ ಕೋಣೆಯ ಕಡೆ ತಿರುಗಿ ಕೇಳಿದರು. "ಆ ಬಸ್ತಿಯಿಂದ ಯಾರಾದರೂ ಬಂದಿದ್ದೀರಾ?"

ಅವರು ಕನ್ನಡಕ ತೆಗೆದು ಇನ್ನೊಮ್ಮೆ ಕೇಳಿದರು. "ಬಸ್ತಿಯವರದು ಒಂದು ಕಾಗದವಾದರೂ ಬಂದಿದೆಯೇ?"

ಕಾಗದ ನನ್ನ ತೊಡೆಯ ಮೇಲಿನ ಚೀಲದಲ್ಲಿತ್ತು. ಎರಡು ಸಲ ಕೇಳಿದರು, ಎರಡು ಸಲವೂ ನಾನು ಗೋಡೆಯ ಗಡಿಯಾರ ನೋಡುತ್ತ ಕೂತೆ. ಮನೆಗೆ ಬಂದು ಹೆಂಡತಿಗೆ, ಒಬ್ಬನಿಂದ ಒಂದೇ ಅರ್ಜಿ ತಗೊಳ್ಳುತ್ತಾರಂತೆ, ಏನು ಮಾಡಲಿ ಎಂದೆ. ಅಂಥ ನಿಯಮ ಅಲ್ಲಿ ಇರಲಿಲ್ಲ. ಅದನ್ನು ನಾನೇ ರೈಲಿನಲ್ಲಿ ಬರುವಾಗ ಹುಟ್ಟಿಸಿಕೊಂಡಿದ್ದೆ.

ಮರುದಿನ ಅಕ್ಕ ನಾಕಾದಲ್ಲಿ ಕಾಯುತ್ತಿದ್ದಳು. ತಲೆಯ ಗಂಟು ಇಳಿಸುವ ಮೊದಲೇ ಕೇಳಿದಳು.

"ಕೊಟ್ರೀ ಅಣ್ಣಾ?"

"ಕೊಟ್ಟೆ ಅಕ್ಕಾ."

"ಏನಂದ್ರು?"

"ನೋಡ್ತೀವಿ ಅಂದ್ರು."

ಅಂದು ರೊಟ್ಟಿಯ ಜೊತೆ ಶೇಂಗಾ ಹೋಳಿಗೆ ತಂದಿದ್ದಳು. ನನ್ನ ಮಕ್ಕಳಿಗೆ, ಹೆಂಡತಿಗೆ ಎಂದು ಎಣಿಸಿ ಕಟ್ಟಿದ್ದಳು. ತಗೊಂಡೆ. ಮನೆಯಲ್ಲಿ ಎಲ್ಲರೂ ಹೊಗಳುತ್ತ ತಿಂದರು. ನನಗೆ ಹೊಟ್ಟೆ ಸರಿಯಿಲ್ಲ ಎಂದೆ.

ಹುಡುಗಿಯ ಅರ್ಜಿಯನ್ನು ರಿಕ್ಷಾದ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೆ. ಇನ್ನೂ ದಿನವಿದೆ, ಹೋಗಿ ಕೊಟ್ಟರಾಯಿತು ಎಂದು ಮೊದಮೊದಲು ಅಂದುಕೊಂಡದ್ದುಂಟು. ಅರ್ಜಿ ಕೊಡುವ ಕೊನೆಯ ದಿನ ದಾಟಿತು. ಮಳೆ ಶುರುವಾಯಿತು. ಒಂದು ದಿನ ಸ್ಟೆಪ್ನಿ ತೆಗೆಯಲು ಸೀಟು ಎತ್ತಿದರೆ ಹಾಳೆಗಳೆಲ್ಲ ತೊಯ್ದು ಒಂದಕ್ಕೊಂದು ಅಂಟಿ, ಹೆಬ್ಬೆಟ್ಟುಗಳ ಶಾಯಿ ಹರಡಿ ನೀಲಿ ಮುದ್ದೆಯಾಗಿತ್ತು. ಎಣ್ಣೆ ಒರೆಸಿದ ಅರಿವೆಗಳ ಜೊತೆ ಅದನ್ನೂ ಗಟಾರದ ಪಕ್ಕ ಎಸೆದೆ. ಎಸೆದ ಮೇಲೆ ಯಾರಾದರೂ ನೋಡಿದರೇ ಎಂದು ಸುತ್ತಲೂ ಕಣ್ಣು ಹಾಯಿಸಿದೆ. ನಾನು ಬದುಕಿನಲ್ಲಿ ಕದ್ದವನಲ್ಲ. ಆದರೆ ಅಂದು ಕಳ್ಳನಂತೆಯೇ ನಿಂತಿದ್ದೆ.

ಹೊಸ ನಕಾಶೆ ಬಂತು. ಎರಡೂ ಕಾಲೊನಿಗಳು ಗೆರೆಯ ಒಳಗೆ ಬಂದಿದ್ದವು. ಅಲ್ಲಿಯವರು ಅರ್ಜಿಯ ಮೇಲೆ ಅರ್ಜಿ ಕೊಟ್ಟಿದ್ದರಂತೆ, ವಕೀಲರನ್ನೂ ಕರೆದೊಯ್ದಿದ್ದರಂತೆ. ಗೆರೆ ಬಸ್ತಿಯ ಹತ್ತಿರ ಬಂದು, ಅದನ್ನು ಬಿಟ್ಟು ಪಕ್ಕಕ್ಕೆ ಹೊರಳಿತ್ತು. ಕಾಲೊನಿಗಳಿಗೆ ಬಸ್ ಶುರುವಾಯಿತು. ನಮ್ಮ ಲೈನು ಸಾಯಲಿಲ್ಲ, ಬದಲಿಗೆ ಬಸ್ಸಿಂದ ಇಳಿದವರು ಒಳಗಿನ ಗಲ್ಲಿಗಳಿಗೆ ಹೋಗಲು ರಿಕ್ಷಾವನ್ನೇ ಹಿಡಿದರು. ಹೋಟೆಲ್ ಮಾಲೀಕರು ಅಂದದ್ದೇ ಆಯಿತು. "ಈಗ ಇಡ್ಲಿ ಗಟ್ಟಿ ಇಲ್ವಾ?" ಎಂದು ಗುಲ್ಬರ್ಗಾದವನನ್ನು ಕೇಳಿ ಹಲ್ಲು ಬಿಟ್ಟರು. ಯಾವುದರ ಭಯಕ್ಕೆ ನಾವು ಇಷ್ಟು ಮಾಡಿದ್ದೆವೋ ಆ ಭಯವೇ ಸುಳ್ಳಾಗಿತ್ತು.

ಅಕ್ಕ ನನಗೇ ಸಮಾಧಾನ ಹೇಳಿದಳು. "ನೀವರೆ ಏನ್ ಮಾಡ್ತೀರಿ ಅಣ್ಣಾ? ಬಡವರ ಕಾಗದ ಯಾರ್ ಓದ್ತಾರ? ನೀವ್ ಅಷ್ಟ್ ದೂರ ಹೋಗಿ ಕೊಟ್ ಬಂದ್ರಲ್ಲ, ಅಷ್ಟ ಸಾಕ್."

ಯಾರೂ ಓದಲಿಲ್ಲವೆಂದಲ್ಲ. ಓದಿದವನು ನಾನೊಬ್ಬನಿದ್ದೆ.

ಹುಡುಗಿ ಜೂನಿನಿಂದ ಕಾಲೇಜಿಗೆ ಹೋಗತೊಡಗಿದ್ದಳು. ತಾಯಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ನಾಕಾದವರೆಗೆ ಜೊತೆಗೆ ಬರುತ್ತಿದ್ದಳು, ಮತ್ತೆ ಓಡಿ ಹೋಗುತ್ತಿದ್ದಳು. ರೊಟ್ಟಿ ಮುಟ್ಟುವುದು ತಡವಾಗಿ ಕೆಲವು ಮನೆಗಳು ಬೇಡವೆಂದವು. ಆಮೇಲೆ ಹುಡುಗಿ ಒಬ್ಬಳೇ ಬರತೊಡಗಿದಳು. ಒಂದು ಮುಂಜಾನೆ ಪೈಪಿನ ದಾರಿಯಲ್ಲಿ ನೀರು ನಿಂತಿತ್ತು. ಹುಡುಗಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಬಹಳ ಹೊತ್ತು ಆ ಕಡೆ ಯಾರೂ ಬರಲಿಲ್ಲವಂತೆ. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ತಂದೆ ಇನ್ನು ಸಾಕು ಎಂದ. ಗುಡ್ಡದ ಪಕ್ಕದ ಗಾಲಾ ಒಂದರಲ್ಲಿ, ಎಂದರೆ ಸಣ್ಣ ಕಾರ್ಖಾನೆಯಲ್ಲಿ, ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸಕ್ಕೆ ಹೋಗತೊಡಗಿದಳು.

ಇದನ್ನು ನಾನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಳು. "ಏನ್ ಜೀ, ನಮ್ಮ ಹುಡ್ಗಿ ಕಾಲೇಜಿಗೆ ಹೋಗೂವಾಗ ಮಳೀ ಬಂದ್ರ ಸಾಕು, ಲೈನ್ ಬಿಟ್ಟು ಬಾಗಿಲಿಗೇ ಗಾಡಿ ತರ್ತಿದ್ರಿ. ಆಕಿಗೂ ಒಬ್ಬ ಚಾಚಾ ಇದ್ದಿದ್ರ..." ಎಂದಳು. ಅವಳಿಗೆ ಅಸಲು ಸಂಗತಿ ಗೊತ್ತಿರಲಿಲ್ಲ. ಸುಮ್ಮನೆ ಆಡಿದ ಮಾತು. ನಾನು ಎದ್ದು ಹೊರಗೆ ಹೋದೆ. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಬಿಡಿಸಿದವರನ್ನು ನಾನು ಇಂದಿಗೂ ಬೈಯುತ್ತೇನೆ. ಅವರು ಹಸಿವೆ ತಾಳದೆ ಬಿಡಿಸಿದರು. ನಾನು ಈ ಹುಡುಗಿಯದನ್ನು ಯಾವುದಕ್ಕೆ ಬಿಡಿಸಿದೆ?

ಎರಡು ವರ್ಷ ಹೀಗೆಯೇ ಕಳೆದವು. ಅಕ್ಕ ರೊಟ್ಟಿ ಕೊಡುತ್ತಲೇ ಇದ್ದಳು, ನಾನು ತಿನ್ನುತ್ತಲೇ ಇದ್ದೆ. ಬೇಡವೆಂದರೆ ಯಾಕೆ ಎಂದು ಕೇಳುತ್ತಾಳಲ್ಲ.

ಈ ವರ್ಷ ಯೋಜನೆ ಆಫೀಸು ಗೆರೆಯನ್ನು ಇನ್ನೊಮ್ಮೆ ನೋಡುತ್ತದೆ ಎಂಬ ಸುದ್ದಿ ಬಂತು. ಒಂದು ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಒಳ್ಳೆಯ ಸೀರೆ, ಡ್ರೆಸ್ ಹಾಕಿಕೊಂಡು ಸ್ಟ್ಯಾಂಡಿಗೆ ಬಂದರು.

"ಚಾಚಾ, ಈ ಸಲ ಮೈ ಖುದ್ ಜಾರೀ," ಎಂದಳು ಹುಡುಗಿ. "ನೀವು ಸಿರ್ಫ್ ಬಾಂದ್ರಾ ತನಕ ಬಿಡ್ರಿ. ಮೀಟರ್ ಹಾಕ್ರಿ ಹಾಂ, ಫುಕಟ್ ಬ್ಯಾಡ."

ನಾನು ಮೀಟರ್ ಹಾಕಲಿಲ್ಲ. ದಾರಿಯುದ್ದಕ್ಕೂ ಅಕ್ಕ ಮಾತಾಡುತ್ತಿದ್ದಳು. ಹೋದ ಸಲ ಪಾಪ ಅಣ್ಣ ಒಬ್ಬನೇ ಬಂದಿದ್ದ, ಈ ಸಲ ನಾವೂ ಇದ್ದೇವೆ ಎಂದಳು. ಭಾಂಡುಪಿನ ಸಿಗ್ನಲ್ಲಿನಲ್ಲಿ ಹೇಳಿಬಿಡಬೇಕೆಂದುಕೊಂಡೆ. ಘಾಟ್ಕೋಪರಿನಲ್ಲಿ ಗಾಡಿಗಳು ಜಾಮ್ ಆಗಿ ನಿಂತಾಗ ಬಾಯಿ ತೆರೆದೆ, "ಬಿಸಲ ಭಾಳ ಐತಿ," ಎಂದೆ. ಕುರ್ಲಾ ದಾಟಿತು. ಕನ್ನಡಿಯಲ್ಲಿ ಹುಡುಗಿ ತನ್ನ ಕಾಗದವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು.

ಆಫೀಸಿನ ಹೊರಗೆ ನಿಲ್ಲುತ್ತೇನೆ ಎಂದರೆ ಅಕ್ಕ ಕೇಳಲಿಲ್ಲ. "ಬರ್ರಿ ಅಣ್ಣಾ, ನೀವ್ ಇದ್ರ ನಮಗ ಧೈರ್ಯ," ಎಂದು ಕರೆದೊಯ್ದಳು. ಕೌಂಟರಿನ ಗುಮಾಸ್ತ ಬಸ್ತಿಯ ಹೆಸರು ಕೇಳಿ ಹಳೆಯ ಫೈಲು ತೆಗೆದ. ಪುಟ ತಿರುವಿ, ನಿಮ್ಮ ಬಸ್ತಿಯಿಂದ ಹಿಂದೆ ಯಾವ ಅರ್ಜಿಯೂ ಬಂದಿಲ್ಲ ಎಂದ.

"ಬಂದೈತಿ ಸರ್. ಐದು ಹಾಳೆ ಸಹಿ ಇತ್ತು. ಬರೋಬರ್ ದೇಖೋ," ಎಂದಳು ಹುಡುಗಿ.

ಗುಮಾಸ್ತ ಒಳ್ಳೆಯವನು. ಫೈಲನ್ನೇ ಅವಳ ಕಡೆ ತಿರುಗಿಸಿ, ನೀವೇ ನೋಡಿ ಎಂದ. ಅವಳು ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಪುಟ ತಿರುವಿ, ರಿಕ್ಷಾ ಲೈನಿನ ಪ್ರತಿನಿಧಿಯ ಹೇಳಿಕೆ ಎಂಬಲ್ಲಿ ನಿಂತು, ತಾಯಿಗೆ ತಿಳಿಯಲೆಂದು ಕನ್ನಡದಲ್ಲಿ ನಿಧಾನಕ್ಕೆ ಹೇಳಿದಳು. "ಬಸ್ತಿಯಾಗ ಬಸ್ ತಿರಗಾಕ ಜಾಗಾ ಇಲ್ಲ ಅಂತ ಬರ್ದಾರ ಅಮ್ಮಾ. ಅದಕ್ಕ ನಮ್ಮನ್ನ ಬಿಟ್ಟಾರ." ಕೆಳಗಿನ ಸಹಿ ಕನ್ನಡದಲ್ಲಿತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಚಾಚಾ, ಇದು ಯಾರ ಸಹಿ?"

ಆಗಲೂ ಸುಳ್ಳು ಹೇಳಬಹುದಿತ್ತು. ಯಾರದೋ ಗೊತ್ತಿಲ್ಲ ಎಂದಿದ್ದರೆ ನಂಬುತ್ತಿದ್ದಳು.

"ನಂದು," ಎಂದೆ.

ಅವಳಿಗೆ ಒಮ್ಮೆಲೇ ತಿಳಿಯಲಿಲ್ಲ. "ಔರ್ ಹಮಾರಾ ಕಾಗದ?"

"ಕೊಡ್ಲಿಲ್ಲ. ಓದಿ ಸಿಟ್ ಬಂತು. ನಮಗ ದಯಾ ಇಲ್ಲ ಅಂತ ನೀ ಬರ್ದಿದ್ದಿ. ಚೀಲದಾಗ ಇಟಗೊಂಡ್ ಬಂದೆ. ಆಮ್ಯಾಲ ಮಳ್ಯಾಗ ತೊಯ್ದು ಹಾಳಾತು."

ಅಕ್ಕ ಬೆಂಚಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಜಗಳದ ದನಿಯಲ್ಲಲ್ಲ, ದಾರಿ ಕೇಳುವವರ ಹಾಗೆ ಕೇಳಿದಳು.

"ಆಗೂದಿಲ್ಲ ಅಂತ ಒಂದ್ ಮಾತ್ ಅಂದಿದ್ರ, ನಾ ಬ್ಯಾರೇದವ್ರನ್ನ ಕಳಸ್ತಿದ್ದೆ ಅಲ್ರೀ ಅಣ್ಣಾ?"

ಬೈದಿದ್ದರೆ ತಲೆ ತಗ್ಗಿಸಿ ನಿಂತು ಹಗುರಾಗುತ್ತಿದ್ದೆ.

ಗುಮಾಸ್ತ ಹೊಸ ಅರ್ಜಿ ತಗೊಂಡ. ಆದರೆ ಹಳೆಯ ಹೇಳಿಕೆ ಫೈಲಿನಲ್ಲಿದೆಯಲ್ಲ, ಅದನ್ನು ಅಲ್ಲಗಳೆಯುವುದೇನಾದರೂ ಇದ್ದರೆ ಒಳ್ಳೆಯದು ಎಂದ. ನಾನು ಬರೆದುಕೊಡುತ್ತೇನೆ ಎಂದೆ. ಒಂದು ಹಾಳೆ, ಪೆನ್ನು ಕೊಟ್ಟರು. ಲೈನಿನ ಕಾಗದಗಳನ್ನೆಲ್ಲ ಸ್ಟ್ಯಾಂಡಿನ ಮರಾಠಿ ಹುಡುಗರು ಬರೆಯುತ್ತಿದ್ದರು, ನಾನು ಸಹಿ ಮಾಡುತ್ತಿದ್ದೆ, ಅಷ್ಟೇ. ನನ್ನ ಕೈಯಿಂದ ಒಂದು ಪೂರ್ತಿ ಪುಟ ಬರೆದು ಎಷ್ಟೋ ವರ್ಷಗಳಾಗಿದ್ದವು. ಹುಡುಗಿ ಪಕ್ಕದಲ್ಲಿಯೇ ಕೂತಿದ್ದಳು. ನಾನು ಒಂದೊಂದು ಅಕ್ಷರಕ್ಕೂ ತಡವರಿಸುವುದನ್ನು ನೋಡುತ್ತಿದ್ದಳು. ಬೇಕಿದ್ದರೆ ಎರಡು ನಿಮಿಷದಲ್ಲಿ ಬರೆದುಕೊಡಬಲ್ಲವಳು, ಕೈ ಚಾಚಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ. ಹಿಂದೆ ನಾನು ಹೇಳಿದ್ದು ಸುಳ್ಳು, ಬಸ್ತಿಯ ಕೊನೆಗೆ ಟ್ಯಾಂಕರು ತಿರುಗುವ ಬಯಲಿದೆ, ಬಸ್ಸೂ ತಿರುಗುತ್ತದೆ, ಬಸ್ತಿಯವರ ಅರ್ಜಿಯನ್ನು ನಾನು ಕೊಡದೆ ಇಟ್ಟುಕೊಂಡೆ ಎಂದು ಮರಾಠಿಯಲ್ಲಿ ಬರೆದೆ. ತಪ್ಪುಗಳಿದ್ದವೇನೋ. ಗುಮಾಸ್ತ ಓದಿ ನನ್ನ ಮುಖ ನೋಡಿ ಠಸ್ಸೆ ಒತ್ತಿದ.

ಹೊರಗೆ ಬಂದು ರಿಕ್ಷಾ ತಿರುಗಿಸಿದೆ. ಹುಡುಗಿ ಹತ್ತಲಿಲ್ಲ.

"ನಾವು ಲೋಕಲ್‌ದಾಗ ಹೋಗ್ತೀವಿ," ಎಂದಳು. ಆ ಸಲ ಚಾಚಾ ಎನ್ನಲಿಲ್ಲ.

ಸ್ಟ್ಯಾಂಡಿನಲ್ಲಿ ನಾನೇ ಎಲ್ಲರನ್ನೂ ಕೂರಿಸಿ, ಏನು ಬರೆದುಕೊಟ್ಟೆನೆಂದು ಹೇಳಿದೆ. ನಾಲ್ಕು ಜನ ಕೂಗಾಡಿದರು. ಗುಲ್ಬರ್ಗಾದವ ಮಾತ್ರ, "ಭಾಯಿ, ಆಗ ಹೇಳಿದ್ರ ನಾವೇನ್ ನಿಮ್ಮನ್ನ ಕಡಿತಿದ್ವೇನು? ನೀವ್ ಬ್ಯಾಡಂದ್ರ ನಾನ ಹೋಗ್ತಿದ್ದೆ, ಸ್ವಲ್ಪ ಬೈಸಿಕೊಂಡ್ ಬರ್ತಿದ್ದೆ," ಎಂದ. ಲೈನ್ ನಡೆಸುವ ಕೆಲಸ ಅವನಿಗೇ ಬಿಟ್ಟುಕೊಟ್ಟೆ. ಅಕ್ಕ ಈಗ ಬೇರೆ ಗಾಡಿಗಳಲ್ಲಿ ಕೂರುತ್ತಾಳೆ. ಸರತಿಯಲ್ಲಿ ನನ್ನ ಗಾಡಿ ಮುಂದಿದ್ದರೆ ಹಿಂದಿನದು ಬರುವವರೆಗೆ ಬಿಸಿಲಿನಲ್ಲಿ ನಿಲ್ಲುತ್ತಾಳೆ.

ಒಂದು ತಿಂಗಳ ಮೇಲೆ ಯೋಜನೆ ಆಫೀಸಿನ ಎಂಜಿನಿಯರು ಬಸ್ತಿಗೆ ಬರುತ್ತಾರೆಂದು ನನಗೂ ಫೋನು ಬಂತು. ಕಾಗದದ ಮೇಲೆ ನನ್ನ ನಂಬರಿತ್ತು. ಹೋದೆ. ಚಿಕ್ಕ ವಯಸ್ಸಿನ ಎಂಜಿನಿಯರು, ಟೇಪು ಹಿಡಿಯಲು ಇಬ್ಬರು ಆಳುಗಳು. ಬಸ್ತಿಯ ಹೆಂಗಸರು, ಮುದುಕರು ಬಾಗಿಲಲ್ಲಿ ನಿಂತಿದ್ದರು. ಅವರಿಗೆಲ್ಲ ಸಂಗತಿ ತಿಳಿದಿತ್ತು. ಯಾರೂ ನನ್ನನ್ನು ಮಾತಾಡಿಸಲಿಲ್ಲ, ಯಾರೂ ಬೈಯಲಿಲ್ಲ. ಅಕ್ಕ ಎಂಜಿನಿಯರಿಗೆ ತಂಬಿಗೆಯಲ್ಲಿ ನೀರು ತಂದುಕೊಟ್ಟು ಒಳಗೆ ಹೋದಳು.

ಟೇಪನ್ನು ಬಯಲಿನ ಈ ತುದಿಯಿಂದ ಆ ತುದಿಗೆ ಎಳೆದರು. ಅಡ್ಡ ಎಳೆದರು. ಎಂಜಿನಿಯರು ಬರೆದುಕೊಂಡು, ಟೋಪಿ ಹಿಂದಕ್ಕೆ ಸರಿಸಿ ನಕ್ಕರು.

"ಇಷ್ಟು ಜಾಗವಿದೆ! ದೊಡ್ಡ ಬಸ್ಸೇ ತಿರುಗುತ್ತದೆ. ಹಿಂದೆ ಯಾರು ಇಲ್ಲ ಅಂದದ್ದು?"

"ನಾನೇ ಸಾಹೇಬ್," ಎಂದೆ.

ಅವರು ನನ್ನತ್ತ ನೋಡಿ, ಆಳುಗಳಿಗೆ ಟೇಪು ಸುತ್ತಲು ಹೇಳಿದರು. ಗೆರೆ ಇನ್ನೂ ಎಳೆದಿಲ್ಲ. ಎಳೆಯುತ್ತಾರೆಂದು ಎಲ್ಲರೂ ಅನ್ನುತ್ತಾರೆ. ನಾನು ಬಯಲಿನಲ್ಲಿ ನಿಂತು ಮನೆಗಳ ಕಡೆ ನೋಡಿದೆ. ಹುಡುಗಿ ಕಾಣಲಿಲ್ಲ. ಹನ್ನೊಂದು ಗಂಟೆಯಾಗಿತ್ತು, ಅವಳು ಕೆಲಸಕ್ಕೆ ಹೋಗಿದ್ದಳು.